ಹಾಲಮ್ಮ ಉಳಿಸಿದ ಒಂಬತ್ತು ಮೆಣಸಿನ ಗಿಡ

ಶಿಕಾರಿಪುರದ ಹತ್ತಿರ ಹಾಲಮ್ಮನಿಗೆ ಒಂದೂವರೆ ಎಕರೆ ಹೊಲ, ನಲವತ್ತು ಕುರಿ. ಶಾಲೆ ಕಂಡಿದ್ದು ಮೂರೇ ವರ್ಷ. ಹಿಂಡಿನಲ್ಲಿ ಯಾವ ಕುರಿ ಮೇವು ಬಿಟ್ಟಿದೆಯೆಂದು ದೂರದಿಂದಲೇ ಹೇಳುವ ಕಣ್ಣು ಅವರದು.

ಆ ವರ್ಷ ಮೆಣಸಿನಕಾಯಿಗೆ ಮುಟುರು ರೋಗ ಬಿತ್ತು. ಎಲೆ ಮುದುರಿ ಗಿಡಗಳು ಕುಗ್ಗಿದವು. ಗಂಡ ಚಿಕ್ಕಬೀರಪ್ಪ ಎಲ್ಲರಂತೆ ಕಿತ್ತು ಸುಡತೊಡಗಿದರು. ಬದುವಿನ ಬಳಿ ಹಾಲಮ್ಮ ಅಡ್ಡ ನಿಂತರು.

“ಇವೊಂಬತ್ತು ಬಿಡ್ರಿ. ಕೆಳಗಿನ ಎಲೆ ಮುದುರ್ಯಾವೆ, ಖರೆ. ತುದಿ ಚಿಗುರು ನೋಡ್ರಿ, ನೆಟ್ಟಗ ಬರ್ತಾ ಐತಿ.”

“ರೋಗದ ಗಿಡ ಇಟ್ಕಂಡು ಊರಿಗೆಲ್ಲ ಹಂಚ್ತೀಯೇನು?”

ಅದು ನ್ಯಾಯವಾದ ಮಾತೇ. ರೋಗ ಹರಡುವ ಬಿಳಿನೊಣ ದಾಟದಂತೆ ಹಾಲಮ್ಮ ಹಳೆಯ ತೆಳು ಸೀರೆಗಳನ್ನು ಗಿಡಗಳಿಗೆ ಹೊದಿಸಿ ಕಟ್ಟಿದರು. ತಿಂಗಳೊಳಗೆ ಏಳು ಗಿಡ ಹೂಬಿಟ್ಟವು.

ಸಸ್ಯರೋಗಗಳ ಸಂಶೋಧನೆ ಮಾಡುತ್ತಿದ್ದ ಸೊರಬದ ರಕ್ಷಿತಾ ಎಲೆ ಮಾದರಿಗೆಂದು ಬಂದಾಗ ಹಾಲಮ್ಮ ನೇರ ಆ ಗಿಡಗಳ ಬಳಿಗೇ ಕರೆದೊಯ್ದರು. ಒಂದೇ ಗಿಡದ ಮುದುರಿದ ಎಲೆ, ಹೊಸ ಎಲೆ ಎರಡನ್ನೂ ಬಿಡಿಸಿ ಕೊಟ್ಟರು. ಎರಡು ತಿಂಗಳ ಮೇಲೆ ರಕ್ಷಿತಾ ಉಸಿರು ಬಿಡದೆ ಮಾತಾಡುತ್ತಲೇ ಬಂದಳು.

“ಅಮ್ಮಾ, ಈ ರೋಗ ತರೋ ವೈರಸ್ಸಿನ ಜೀನು ಕೆಲಸ ಮಾಡ್ಬೇಕಂದ್ರೆ ಆರ್‌ಎನ್‌ಎ ಅನ್ನೋ ಸಂದೇಶ ಹೊರಡ್ಬೇಕು. ಗಿಡ ಅದನ್ನ ಸಣ್ಣ ಸಣ್ಣ ಚೂರು ಮಾಡುತ್ತೆ. ಆ ಚೂರುಗಳನ್ನೇ ಗುರುತಿಗೆ ಇಟ್ಕೊಂಡು, ಅಂಥದೇ ಸಂದೇಶ ಎಲ್ಲಿ ಸಿಕ್ಕರೂ ಕತ್ತರಿಸುತ್ತೆ. ಜೀನಿನ ಬಾಯಿ ಕಟ್ಟಿದ ಹಾಗೆ! ನಿಮ್ಮ ಹೊಸ ಎಲೆ ತುಂಬ ಆ ಚೂರುಗಳೇ. ವೈರಸ್ ತೀರಾ ಕಮ್ಮಿ.”

“ಅಂದ್ರ ಕೆಳಗಿನ ಎಲೆ ಕಲ್ತಿದ್ದನ್ನ ಮ್ಯಾಲಿನ ಎಲಿಗೆ ಹೇಳಿ ಕಳಿಸೈತಿ. ಬೀಜಕ್ಕೂ ಈ ಗುಣ ಬರ್ತತೇನವ್ವ?”

“ಗೊತ್ತಿಲ್ಲಮ್ಮ. ಬಿತ್ತಿ ನೋಡ್ಬೇಕು.”

ಮರುವರ್ಷ ಒಂದು ಸಾಲಿಗೆ ಅಂಗಡಿ ಬೀಜದ ಅರವತ್ತು ಸಸಿ, ಪಕ್ಕದ ಸಾಲಿಗೆ ಹಾಲಮ್ಮನ ಬೀಜದ ಅರವತ್ತು. ರೋಗ ಎರಡಕ್ಕೂ ಬಂತು. ಅಂಗಡಿಯವುಗಳಲ್ಲಿ ಚೇತರಿಸಿಕೊಂಡಿದ್ದು ಐದು, ಹಾಲಮ್ಮನವು ಮೂವತ್ತೆಂಟು.

ಸೊರಬದ ರೈತರ ಸಭೆಯಲ್ಲಿ ರಕ್ಷಿತಾ ಹಾಲಮ್ಮನ ಕೈಗೇ ಮೈಕು ಕೊಟ್ಟಳು. ಅಡಿಕೆ ವ್ಯಾಪಾರಿ ಪರಮಶಿವಪ್ಪ ಎದ್ದು ನಿಂತು ಕೇಳಿದರು: “ಹಂಗಾದ್ರೆ ಈ ಬೀಜಕ್ಕೆ ರೋಗನೇ ಬರಲ್ವೇನ್ರೀ?”

“ಬರ್ತತ್ರಿ, ಸುಳ್ಳು ಹೇಳಾಕಿಲ್ಲ. ಬಂದ್ರೂ ಅರ್ಧಕ್ಕಿಂತ ಜಾಸ್ತಿ ಎದ್ದು ನಿಲ್ತಾವು.”

ಹಿಂದಿನ ಸಾಲಿನಿಂದ ಚಿಕ್ಕಬೀರಪ್ಪನ ದನಿ ಕೇಳಿತು. “ನಾನು ಕೀಳಾಕ ಹೋಗಿದ್ನಿ ರೀ. ತಡದಾಕಿ ನಮ್ಮನಿಯಾಕಿ!” ಸಭೆ ಚಪ್ಪಾಳೆ ತಟ್ಟಿತು. ಹಾಲಮ್ಮ ತಲೆ ತಗ್ಗಿಸಲಿಲ್ಲ.

ಈ ವರ್ಷ ಸೊರಬ ತಾಲ್ಲೂಕಿನ ಉಳವಿಯ ಹನ್ನೊಂದು ಮನೆಯವರು ಆ ಬೀಜ ಒಯ್ದಿದ್ದಾರೆ. ಅವರು ಅದಕ್ಕಿಟ್ಟ ಹೆಸರು ‘ಹಾಲಮ್ಮನ ಮೆಣಸು’.