ಬಸಣ್ಣನ ಮಗ್ಗ ನಿಲ್ಲಿಸಿದ ಸೆನ್ಸರ್

ಕಳೆದ ವಾರ ಕಬನೂರಿನಿಂದ ಬಸಣ್ಣ ಫೋನ್ ಮಾಡಿ ನನಗೆ ಥ್ಯಾಂಕ್ಸ್ ಹೇಳಿದ.

"ಸರ್, ನಿಮ್ಮ ಕ್ಯಾಮೆರಾ ಭಾಳ ಉಪಕಾರ ಮಾಡೇತ್ರಿ. ನಮ್ಮ ಬಟ್ಟ್ಯಾಗಿನ ದೋಷ ತೋರಿಸಿಕೊಟ್ಟೈತಿ. ನಿನ್ನಿಯಿಂದ ಮಗ್ಗ ಬಂದ್ ಇಟ್ಟೇನಿ. ಎಲ್ಲಿ ತಪ್ಪೇತಿ ಅಂತ ಹುಡಕಾಕತ್ತೇನಿ. ಸಿಗಲಿಲ್ಲಂದ್ರ ನಾಳೆ ಬೀಮ್ ಕತ್ತರಿಸಿ ಇಳಸೂದs ರೀ."

ಥ್ಯಾಂಕ್ಸ್ ಕೇಳಿ ನಾನು ಹೆದರಿದ್ದು ಅದೇ ಮೊದಲು.

ಮೊದಲಿನಿಂದ ಹೇಳಿಬಿಡುತ್ತೇನೆ. ಗಡಹಿಂಗ್ಲಜದಲ್ಲಿ ನನ್ನದೊಂದು ಸ್ಟುಡಿಯೊ ಇದೆ. ಮದುವೆ ವಿಡಿಯೊ ತೆಗೆಯುವುದು ಹೊಟ್ಟೆಪಾಡು, ಕ್ಯಾಮೆರಾಗಳನ್ನು ಹೋಲಿಸುವುದು ಚಟ. ಹೊಸ ಕ್ಯಾಮೆರಾ ಕೊಳ್ಳುವ ಮುಂಚೆ ಆರು ತಿಂಗಳು ಅದೊಂದೇ ಕೆಲಸ. ಯಾವುದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಒಳಗಿನ ಬಿಲ್ಲೆ, ದೊಡ್ಡದು? ಯಾವುದು ಕತ್ತಲಲ್ಲೂ ಕಾಳುಕಾಳಾಗದೆ ಚಿತ್ರ ಕೊಡುತ್ತದೆ? ಯಾವುದು ರಾ, ಅಂದರೆ ತಿದ್ದದ ಹಸಿ ವಿಡಿಯೊ ತೆಗೆಯುತ್ತದೆ? ಕೊಲ್ಹಾಪುರದ ಕ್ಯಾಮೆರಾ ಅಂಗಡಿಯವರು ನನ್ನನ್ನು ದೂರದಿಂದ ಕಂಡರೇ ಊಟಕ್ಕೆ ಏಳುತ್ತಿದ್ದರು.

ನನ್ನ ಹೆಂಡತಿ ಒಂದು ದಿನ ತಡೆಯಲಾರದೆ ಕೇಳಿದಳು, "ನನ್ನ ನೋಡಾಕ ಬಂದಾಗ ಹತ್ತು ನಿಮಿಷದಾಗ ಹೂಂ ಅಂದಿದ್ರಿ. ಈ ಡಬ್ಬಿಗೆ ಆರು ತಿಂಗಳ?" (ಉತ್ತರ ಕೊಡದಿರುವಷ್ಟು ಬುದ್ಧಿ ನನಗಿದೆ.)

ಅಂತೂ ಕ್ಯಾಮೆರಾ ಬಂತು. ಇಂಥ ಹೊಸ ಆಟಿಕೆಯನ್ನು ಎಲ್ಲಿ ಪರೀಕ್ಷಿಸುವುದು? ನನಗೆ ಬಸಣ್ಣನ ಮಗ್ಗದ ಶೆಡ್ ನೆನಪಾಯಿತು. ಒಂದು ಕಡೆ ಕಿಟಕಿಯ ಬಿಸಿಲು, ಇನ್ನೊಂದು ಕಡೆ ಮಸಿ ಕತ್ತಲು, ನಡುವೆ ಬೆಳ್ಳನೆಯ ಬಟ್ಟೆ. ಸೆನ್ಸರಿನ ಯೋಗ್ಯತೆ ಅಲ್ಲಿ ತಿಳಿಯದಿದ್ದರೆ ಇನ್ನೆಲ್ಲಿ ತಿಳಿಯಬೇಕು?

ಬಸಣ್ಣ ರಬಕವಿ ಕಡೆಯವನು. ಇಚಲಕರಂಜಿ ಪಕ್ಕದ ಕಬನೂರಿಗೆ ಬಂದು ಇಪ್ಪತ್ತು ವರ್ಷವಾಯಿತು. ಅವನ ಮಗಳ ಮದುವೆಗೆ ವಿಡಿಯೊ ತೆಗೆದವನು ನಾನೇ. ಇಷ್ಟು ದಿನ ಬೇರೆಯವರು ಕೊಟ್ಟ ನೂಲು, ಬೇರೆಯವರು ಹೇಳಿದ ಬಟ್ಟೆ, ಬೇರೆಯವರ ಹೆಸರು. ಈ ಸಲ ಮೊದಲ ಬಾರಿಗೆ ತಾನೇ ನೂಲು ತಂದು, ತಾನೇ ಡಿಸೈನ್ ಕೂಡಿಸಿ, ಬಿಳಿಯ ಮೇಲೆ ಕೂದಲೆಳೆಯಂಥ ನೀಲಿ ಗೆರೆಯ ಶರ್ಟ್ ಬಟ್ಟೆ ನೇಯುತ್ತಿದ್ದ. ಕೊಲ್ಹಾಪುರದಲ್ಲಿ ಶರ್ಟ್ ಹೊಲಿಸಿ ಮಾರುವ ಶೇಠರೊಬ್ಬರು, ಚೆನ್ನಾಗಿದ್ದರೆ ಹಬ್ಬದ ಮಾಲಿನ ಆರ್ಡರೆಲ್ಲ ನಿನಗೇ ಅಂದಿದ್ದರು.

ಶೇಠರಿಗೆ ಕಳಿಸಲು ಅವನು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ. ನಾನು ಸುಮ್ಮನಿರಬೇಕಿತ್ತು. ಇರುತ್ತೇನೆಯೇ?

"ಇಡೋ ಅದನ್ನ. ನಾ ರಾದಾಗ ತಗದು ಕೊಡ್ತೇನಿ. ಮೊಬೈಲ್ ಅಂದ್ರ ಪೌಡರ್ ಹಚ್ಚಿ ತೋರಸ್ತೈತಿ. ರಾ ಅಂದ್ರ ಸೆನ್ಸರಿಗೆ ಕಂಡದ್ದು ಕಂಡಂಗ. ಇದರಾಗ ಸುಳ್ಳು ಬರೂದs ಇಲ್ಲ, ಬಸಣ್ಣ."

ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ಆಡಿದ ನಾನು ಮರೆತೆ. ಅವನು ಮರೆಯಲಿಲ್ಲ.

ಮನೆಗೆ ಬಂದು ವಿಡಿಯೊ ನೋಡಿದೆ. ಏನು ನೋಡಿದೆ? ಕತ್ತಲ ಮೂಲೆ ನೋಡಿದೆ. ಟ್ಯೂಬ್‌ಲೈಟಿನ ಬಣ್ಣ ನೋಡಿದೆ. ಹಳೆಯ ಕ್ಯಾಮೆರಾದಲ್ಲಿ ತೆಗೆದದ್ದನ್ನು ಪಕ್ಕಕ್ಕಿಟ್ಟು ಹೋಲಿಸಿ ಬೀಗಿದೆ. ಬಟ್ಟೆಯನ್ನು ಮಾತ್ರ ನೋಡಲಿಲ್ಲ. ಶೇಠರಿಗೆ ತೋರಿಸಲೆಂದು ಬಸಣ್ಣನಿಗೆ ಹಾಗೇ ಕಳಿಸಿಬಿಟ್ಟೆ.

ಎರಡು ದಿನಕ್ಕೆ ಶೇಠರ ಫೋನ್ ಬಂತಂತೆ. "ಅಹೋ ಬಸಣ್ಣಾ, ಕಾಪಡಾತ ಲಾಟಾ ದಿಸತಾಯತ!" ಬಟ್ಟೆಯಲ್ಲಿ ಅಲೆಗಳು ಕಾಣುತ್ತಿವೆ, ಗುಲಾಬಿ, ಹಸಿರು ಅಲೆಗಳು. ಸರಿಮಾಡಿಕೊಂಡು ತೋರಿಸು, ಇಲ್ಲವಾದರೆ ಬೇರೆಯವರಿಗೆ ಹೇಳುತ್ತೇನೆ.

ಬೇರೆ ಯಾರಾದರೂ ಆಗಿದ್ದರೆ ವಿಡಿಯೊ ಬರೋಬರ್ ಇಲ್ಲ ಅನ್ನುತ್ತಿದ್ದರು. ನೇಕಾರನಿಗೆ ಹಾಗೆ ಹೊಳೆಯುವುದಿಲ್ಲ. ಬಟ್ಟೆಯಲ್ಲಿ ಪಟ್ಟೆ ಕಂಡರೆ ತಪ್ಪು ಮಗ್ಗದ್ದು, ಇಲ್ಲವೇ ತನ್ನದು. ಅವನು ಗೇರ್ ಬಿಚ್ಚಿ ನೋಡಿ ಜೋಡಿಸಿದ. ಎಳೆಗಳ ಬಿಗಿ ನೋಡಿದ. ಎಳೆ ಬಿಡಿಸುವ ಬಾಚಣಿಗೆಯಂಥ ಹಣಿಗೆಯನ್ನು ತಿಕ್ಕಿದ. ಉಳಿದದ್ದು ಬೀಮ್ ಒಂದೇ, ಅಂದರೆ ಹಾಸಿನ ನೂಲೆಲ್ಲ ಸುತ್ತಿದ ದೊಡ್ಡ ಉರುಳೆ. ಅದನ್ನು ಕತ್ತರಿಸಿ ಇಳಿಸಿದರೆ ಸಾವಿರಾರು ಎಳೆ ಮತ್ತೆ ಒಂದೊಂದೇ ಗಂಟು ಹಾಕಬೇಕು. ಅಷ್ಟರಲ್ಲಿ ಹಬ್ಬ ಬಂದು ಹೋಗಿರುತ್ತದೆ.

ಬಸಣ್ಣನ ಫೋನ್ ಬಂದ ಮರುದಿನ ಬೆಳಗಾಗುವುದೇ ತಡ, ಎರಡೂ ಕ್ಯಾಮೆರಾ ಚೀಲಕ್ಕೆ ಹಾಕಿ ಬೈಕ್ ಏರಿದೆ. ನಿಪ್ಪಾಣಿಯಲ್ಲಿ ಚಹಾಕ್ಕೂ ನಿಲ್ಲಲಿಲ್ಲ.

ಕಬನೂರಿನ ಓಣಿಯಲ್ಲಿ ಎಲ್ಲ ಶೆಡ್ಡುಗಳೂ ಖಟಾಖಟ್ ಅನ್ನುತ್ತಿದ್ದವು. ಬಸಣ್ಣನದು ಒಂದೇ ಸುಮ್ಮನಿತ್ತು. ಅವನು ಕತ್ತರಿ ಹಿಡಿದು ಬೀಮಿನ ಪಕ್ಕ ಕೂತಿದ್ದ. ಅವನ ಹೆಂಡತಿ ಮಹಾದೇವಿ ಅಡ್ಡ ನಿಂತಿದ್ದಳು. ನೇಯ್ದ ಬಟ್ಟೆಯನ್ನು ಗೇಣು ಗೇಣಾಗಿ ಸವರಿ ದೋಷ ಹುಡುಕುವುದು ಅವಳ ಕೆಲಸ.

"ನಾ ಮೂರ ಸಲ ಕೈಯಾಡಿಸೇನ್ರಿ," ಅಂದಳು. "ಎಳಿ ದೊಡ್ಡದು ಮಾಡಿ ತೋರಿಸೂ ಭಿಂಗ ಇಟ್ಟು ಎಣಿಸೇನಿ. ಎಲ್ಲಾ ಕಡೆ ಒಂದs ಲೆಕ್ಕ. ಈ ಮನಿಷ್ಯಾ ನನ್ನ ಮಾತs ಕೇಳವಲ್ಲ."

"ರಾ ಐತಿ ಅದು," ಅಂದ ಬಸಣ್ಣ ತಲೆಯೆತ್ತದೆ. "ಸುಳ್ಳು ಬರಂಗಿಲ್ಲಂತ ಸರ್ ಹೇಳ್ಯಾರ."

ನಾನು ಮುಖ ಎಲ್ಲಿ ಮುಚ್ಚಿಕೊಳ್ಳಲಿ?

ಇದು ಬಸಣ್ಣನೊಬ್ಬನ ಕಥೆಯೂ ಅಲ್ಲ. ಮಗುವಿನ ಹಣೆ ಮುಟ್ಟಿ ಜ್ವರವಿಲ್ಲ ಅಂತ ಗೊತ್ತಾದ ಮೇಲೂ ಥರ್ಮಾಮೀಟರ್ ಹುಡುಕುವವರು ನಾವು. ಹುಟ್ಟಿದ ಊರಿಗೆ ಹೋಗಲೂ ಮ್ಯಾಪ್ ಹಚ್ಚುತ್ತೇವೆ. ಆದರೆ ಇಪ್ಪತ್ತು ವರ್ಷದ ಕೈ ತಪ್ಪು, ಮೊನ್ನೆ ಬಂದ ಡಬ್ಬಿ ಸರಿ ಅಂತ ಅವನು ನಂಬಿದ್ದು ನನ್ನ ಬಾಯಿಬಡುಕತನದಿಂದ. ನನಗೆ ನಿಜವಾಗಿ ನಾಚಿಕೆಯಾಯಿತು.

ಮಹಾದೇವಿ ವಿಡಿಯೊ ಮತ್ತೆ ಹಾಕಲು ಹೇಳಿದಳು. ನಾನು ಲ್ಯಾಪ್‌ಟಾಪ್ ತೆರೆದೆ. ಬಟ್ಟೆ ಸ್ವಲ್ಪ ಅಲುಗಿದರೆ ಸಾಕು, ಬಣ್ಣದ ಅಲೆಗಳು ಹರಿದಾಡುತ್ತಿದ್ದವು. ಅವಳು ಒಂದು ಗಳಿಗೆ ನೋಡಿ ಒಳಗೆ ಹೋದಳು. ತೆಳ್ಳನೆಯ ಮಲ್‌ಮಲ್ಲಿನ ಎರಡು ತುಂಡು ತಂದು, ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದಳು. ಮೇಲಿನದನ್ನು ಚೂರು ಸರಿಸಿದಳು.

ಅಲೆಗಳು! ಬಣ್ಣವೊಂದಿಲ್ಲ ಅನ್ನುವುದು ಬಿಟ್ಟರೆ ಅವೇ ಅಲೆಗಳು.

"ಎರಡೂ ಬಟ್ಟಿ ಛಲೋನs ಅದಾವ್ರಿ. ಕೂಡಿದ್ರ ಹಿಂಗ ತೆರಿ ಏಳ್ತಾವ. ನಿಮ್ಮ ಕ್ಯಾಮೆರಾದ ಒಳಗ ಎಲ್ಲರೆ ಒಂದು ಜಾಳಗಿ ಐತೇನ್ರಿ?"

ಇದೆ ತಾಯಿ! ಸೆನ್ಸರ್ ಅಂದರೆ ಮತ್ತೇನು? ಅಡ್ಡ ಸಾಲು, ಉದ್ದ ಸಾಲು, ಕೋಟಿಗಟ್ಟಲೆ ಚುಕ್ಕೆ. ಹಾಸು-ಹೊಕ್ಕಿನ ಬಟ್ಟೆಯೇ ಅದು. ಅದರ ಬಲೆಯಂಥ ಜಾಳಿಗೆಯ ಮೇಲೆ ಬಸಣ್ಣನ ಗೆರೆಗಳು ಬಿದ್ದು ತೆರೆ ಎದ್ದಿದ್ದವು. ಇದಕ್ಕೆ ಮ್ವಾರೆ ಅಂತ ಹೆಸರು. ಆರು ತಿಂಗಳು ನೂರಾರು ರಿವ್ಯೂಗಳಲ್ಲಿ ಆ ಪದ ಓದಿದ್ದೇನೆ. ನನ್ನ ಕಣ್ಣೆದುರಿಗೇ ಬಂದಾಗ ಗುರುತು ಹಿಡಿಯಲಿಲ್ಲ. ಒಂದೂ ರಿವ್ಯೂ ಓದದವಳು ಎರಡು ತುಂಡು ಬಟ್ಟೆಯಲ್ಲಿ ತೋರಿಸಿಕೊಟ್ಟಳು.

ಹಳೆಯ ಕ್ಯಾಮೆರಾ ತೆಗೆದು ಅದೇ ಬಟ್ಟೆಗೆ ಹಿಡಿದೆ. ಅಲೆಯ ಸುಳಿವೇ ಇಲ್ಲ. ಅದರ ಸೆನ್ಸರಿನ ಮುಂದೆ ಚಿತ್ರವನ್ನು ಕೊಂಚ ಮೆತ್ತಗೆ ಮಾಡುವ ತೆಳುವಾದ ಗಾಜು ಇದೆ. ಹೊಸದರಲ್ಲಿ ಚಿತ್ರ ಇನ್ನೂ ಚೂಪಾಗಲೆಂದು ಆ ಗಾಜನ್ನು ತೆಗೆದಿದ್ದಾರೆ. (ಅದು ಇಲ್ಲವೆಂದೇ ನಾನು ಹೊಸದನ್ನು ಮೆಚ್ಚಿ ಕೊಂಡದ್ದು. ಹೆಂಡತಿಗೆ ಹೇಳಬೇಡಿ.) ಜತೆಗೆ ರಾ ಬೇರೆ. ಕ್ಯಾಮೆರಾ ಒಳಗೇ ಬಣ್ಣ ತಿದ್ದುವ ಕೆಲಸವೂ ಇಲ್ಲ, ಎದ್ದ ತೆರೆ ಎದ್ದ ಹಾಗೇ ಬಂದಿತ್ತು.

ಬಸಣ್ಣ ಕತ್ತರಿ ಕೆಳಗಿಟ್ಟ. ಆದರೆ ಶೇಠರಿಗೆ ಹೇಳುವುದು ಹೇಗೆ?

"ಮತ್ತ ವಿಡಿಯೊ ಬ್ಯಾಡ," ಅಂದಳು ಮಹಾದೇವಿ. ಅದೇ ಕತ್ತರಿಯಿಂದ ನೇಯ್ದ ಬಟ್ಟೆಯ ಒಂದು ಮೊಳ ಕತ್ತರಿಸಿ ಗಂಡನ ಕೈಗೆ ಕೊಟ್ಟಳು. "ಹೋಗಿ ಕೈಯಾಗ ಕೊಟ್ಟು ಬರ್ರಿ."

ನನ್ನ ಬೈಕಿನ ಮೇಲೆ ಇಬ್ಬರೂ ಕೊಲ್ಹಾಪುರಕ್ಕೆ ಹೋದೆವು. ಶೇಠರು ಬಟ್ಟೆ ಹಿಡಿದು ಅಂಗಡಿಯ ಬಾಗಿಲಿಗೆ, ಬಿಸಿಲಿಗೆ ಬಂದರು. ತಿರುಗಿಸಿ ನೋಡಿದರು. ಮುಷ್ಟಿಯಲ್ಲಿ ಹಿಂಡಿ ಬಿಟ್ಟರು. ಎಷ್ಟು ಹೊತ್ತು ನೋಡಿದರೋ, ನನಗಂತೂ ಬೆವರು.

"ಏಕ ನಂಬರ ಆಹೆ ಕೀ ಹೋ! ಮಗ ಥಾಂಬಲಾತ ಕಶಾಲಾ?"

ಒಂದನೇ ನಂಬರ್ ಇದೆಯಲ್ಲಪ್ಪ, ಮತ್ತೆ ಯಾಕೆ ನಿಲ್ಲಿಸಿದ್ದೀ? ಬಸಣ್ಣ ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿದ. "ಚಾಲೂ ಮಾಡs," ಅಂದ, ಅಷ್ಟೇ. ಅತ್ತಲಿಂದ ಮಗ್ಗದ ಸದ್ದು ಬರುವವರೆಗೂ ಫೋನ್ ಕಿವಿಯಿಂದ ತೆಗೆಯಲಿಲ್ಲ. ಅವನ ಕಣ್ಣು ತುಂಬಿತ್ತು. ನನ್ನದೂ.

ರಸ್ತೆ ಬದಿಗೆ ನಿಂತು ಚಹಾ ಕುಡಿಯುವಾಗ ಅವನಿಗೆ ಎಲ್ಲ ಬಿಡಿಸಿ ಹೇಳಿದೆ. ನಾನು ನಿಂತಿದ್ದ ಜಾಗದಿಂದ ಅವನ ಗೆರೆಗಳು ಸೆನ್ಸರಿನ ಚುಕ್ಕೆಗಳಿಗಿಂತ ಸಣ್ಣವು, ಅದಕ್ಕೇ ಸೆನ್ಸರ್ ಲೆಕ್ಕ ತಪ್ಪಿತು ಅಂದೆ. ಬಸಣ್ಣ ಲೋಟ ಕೆಳಗಿಟ್ಟ. ಮೂರು ದಿನದಲ್ಲಿ ಮೊದಲ ಸಲ ನಕ್ಕ.

"ಅಂದ್ರ ಸರ್, ನಿಮ್ಮ ಕ್ಯಾಮೆರಾ ಮಾಡಿದವ್ರಗಿಂತ ಸಣ್ಣ ನೇಯ್ಗಿ ನಂದು, ಹೌದಿಲ್ರಿ?"