ನಮ್ಮ ಮನೆಯ ಕಾಮಾಲೆ

ಅಣ್ಣನ ಕಣ್ಣು ಹಳದಿಯಾಗಿದೆ ಎಂದು ಮೊದಲು ಹೇಳಿದವಳು ಮಡತ್ತುಕುಳಂನಲ್ಲಿ ಅವನ ಮನೆಗೆ ಹಾಲು ಹಾಕುವ ಹೆಂಗಸು. ಅದಕ್ಕೂ ಎರಡು ತಿಂಗಳ ಮೊದಲಿನಿಂದ ಮಗ್ಗದ ಮುಂದೆ ಕೂತರೆ ಅವನಿಗೆ ಬೆನ್ನು ನೋವು. ಊಟ ಸೇರುತ್ತಿರಲಿಲ್ಲ. ಪಂಚೆ ಸೊಂಟದಲ್ಲಿ ನಿಲ್ಲದೆ ಬೆಲ್ಟು ಬಿಗಿದುಕೊಂಡು, ಡಯಟಿಂಗ್ ಮಾಡುತ್ತಿದ್ದೇನೆ ಎಂದು ನಗುತ್ತಿದ್ದ. ನಾನೂ ನಕ್ಕಿದ್ದೆ.

ಅತ್ತಿಗೆ ಫೋನಿನಲ್ಲಿ ಕಣ್ಣಿನ ವಿಷಯ ಹೇಳಿದಾಗ ನಗು ನಿಂತಿತು.

"ಭಯ ಏನೂ ಬೇಡ ಅಮ್ಮಣಿ. ನಿಮ್ಮ ಮನೇಲಿ ಎಲ್ಲಾರ್ಗೂ ಬರೋ ಕಾಮಾಲೆ ತಾನೆ? ಕೀಳಾನೆಲ್ಲಿ ಸೊಪ್ಪು ಅರ್ದು ಮಜ್ಜಿಗೇಲಿ ಕೊಡ್ತಾ ಇದೀನಿ," ಎಂದರು.

ಅದು ಬರಿಯ ಕಾಮಾಲೆಯಲ್ಲ ಎಂದು ನನಗೆ ಗೊತ್ತಿತ್ತು.

ಆದರೂ ಆ ಫೋನಿನಲ್ಲಿ ನಾನು ಹೇಳಿದ್ದು, "ಕೊಯಮತ್ತೂರಿಗೆ ಕರ್ಕೊಂಡು ಬನ್ನಿ, ಒಂದ್ಸಲ ತೋರ್ಸೋಣ," ಎಂದಷ್ಟೇ. ಯಾಕೆ ಎಂದು ಹೇಳಲಿಲ್ಲ. ಹೇಳದ ಕಾರಣ ಅವಸರ ಯಾರಿಗೂ ಇರಲಿಲ್ಲ. ಅಣ್ಣ ಇನ್ನೂ ಒಂಬತ್ತು ದಿನ ಸೊಪ್ಪಿನ ರಸ ಕುಡಿದ.

ಇಪ್ಪತ್ತನಾಲ್ಕು ವರ್ಷದ ಹಿಂದೆ ಅಪ್ಪನಿಗೂ ಹೀಗೇ ಆಗಿತ್ತು. ಆಗ ಅಣ್ಣ ತಿರುಪ್ಪೂರಿನಲ್ಲಿ ಪವರ್‌ಲೂಮ್ ಓಡಿಸುತ್ತಿದ್ದ. ಆಸ್ಪತ್ರೆಗೆ ಅಪ್ಪನ ಜೊತೆ ಹೋದವರು ಅಮ್ಮ ಮತ್ತು ನಾನು. ಓದು ಬರಹ ಬರುತ್ತದೆಂದು ಚೀಟಿ ಹಿಡಿದು ಓಡಾಡುವ ಕೆಲಸ ನನ್ನದು. ಡಾಕ್ಟರು ನನ್ನನ್ನು ಒಬ್ಬಳನ್ನೇ ಕರೆದು, ಕಾಮಾಲೆ ಬರಿಯ ಹೊರಗಿನ ಗುರುತು, ಒಳಗೆ ಪ್ಯಾಂಕ್ರಿಯಾಸ್‌ನಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದರು. ಬಸ್ಸಿನಲ್ಲಿ ಬರುವಾಗ ಅಮ್ಮನಿಗೆ ಹೇಳಿದೆ. ಪೊಳ್ಳಾಚಿ ಬಂದಾಗ ಅಮ್ಮ ನನ್ನ ಕೈ ಹಿಡಿದುಕೊಂಡು, "ಊರಲ್ಲಿ ಕಾಮಾಲೆ ಅನ್ನು. ನಿನ್ನ ಕಲ್ಯಾಣ ಆಗ್ಬೇಕು," ಎಂದಳು.

ನಮ್ಮವರ ಪದ್ಧತಿ ತಿಳಿಯದವರಿಗೆ ಇದು ವಿಚಿತ್ರ ಅನ್ನಿಸಬಹುದು. ಸುತ್ತ ತಮಿಳಾಡುವ ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಆಡುವ ನಮ್ಮ ನೇಕಾರರ ಮನೆಗಳು ಬೆರಳೆಣಿಕೆ. ಹೆಣ್ಣು ಕೊಡುವಾಗಲೂ ತರುವಾಗಲೂ ಮೂರು ತಲೆಮಾರು ವಿಚಾರಿಸುತ್ತಾರೆ. ಯಾರು ಹೇಗೆ ಸತ್ತರು ಎನ್ನುವುದೂ ಆ ವಿಚಾರಣೆಯಲ್ಲಿ ಬರುತ್ತದೆ. ಕಾಮಾಲೆ ಅಂದರೆ ಪಾಪ ಅನ್ನುತ್ತಾರೆ. ಕ್ಯಾನ್ಸರ್ ಅಂದರೆ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾರೆ.

ಅಪ್ಪನ ರಿಪೋರ್ಟನ್ನು ಒಲೆಗೆ ಹಾಕಿದವಳು ನಾನೇ. ಮುಂದಿನ ತೈ ಮಾಸದಲ್ಲಿ, ಸಂಕ್ರಾಂತಿಯಾದ ಮೇಲೆ, ನನ್ನ ಮದುವೆಯಾಯಿತು. ಕನ್ನಡ ಅಕ್ಷರ ನನಗೆ ಕಲಿಸಿದವಳು ಅಮ್ಮ, ಅವಳು ಕೊಳ್ಳೇಗಾಲದ ಕಡೆಯವಳು. ಆ ಸುಳ್ಳನ್ನು ಕಲಿಸಿದವಳೂ ಅವಳೇ ಎಂದು ಬರೆದು ಕೈ ತೊಳೆದುಕೊಳ್ಳಬಹುದು. ಆದರೆ ಅಮ್ಮ ಹೋಗಿಯೇ ಹನ್ನೊಂದು ವರ್ಷವಾಯಿತು. ಆಮೇಲಿನ ಸುಳ್ಳೆಲ್ಲ ನನ್ನ ಸ್ವಂತದ್ದು.

ಅದರಲ್ಲಿ ಒಂದನ್ನು ಕಳೆದ ವರ್ಷ ಆಸ್ಪತ್ರೆಯಲ್ಲಿ ಹೇಳಿದೆ. ನನ್ನ ಗಂಡನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ವಾರ್ಡಿನ ಹೊರಗೆ ಕೂತಿದ್ದಾಗ ಕೈಯಲ್ಲಿ ಫಾರಂ ಹಿಡಿದ ಹುಡುಗಿಯೊಬ್ಬಳು ಬಂದಳು. ಹೆಸರು ಮಂಜುಳಾ. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಕೆಲವು ಮನೆಗಳಲ್ಲಿ ವಂಶದಲ್ಲೇ ಬರುತ್ತದೆ, ಗೊತ್ತಾಗುವ ಹೊತ್ತಿಗೆ ಕೈ ಮೀರಿರುತ್ತದೆ, ಬೇಗ ಕಂಡುಹಿಡಿಯುವಂಥ ಗುರುತು ರಕ್ತದಲ್ಲಿ ಇದೆಯೇ ಎಂದು ಹುಡುಕುತ್ತಿದ್ದೇವೆ ಎಂದು ತಮಿಳಿನಲ್ಲಿ ವಿವರಿಸಿದಳು. ರೋಗ ಇರುವ ಮನೆಯವರ ರಕ್ತವೂ ಬೇಕು, ಹೋಲಿಸಿ ನೋಡಲು ಇಲ್ಲದ ಮನೆಯವರದ್ದೂ ಬೇಕು.

ಹೇಳಿಬಿಡಬೇಕು ಅನ್ನಿಸಿತು. ಗುರುತಿಲ್ಲದ ಹುಡುಗಿ, ಇಷ್ಟು ದೊಡ್ಡ ಊರು, ಯಾರಿಗೆ ತಿಳಿಯುತ್ತದೆ? ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಗಳು ಕವಿತಾ ಫೋನ್ ಮಾಡಿದಳು. ಕನ್ನಡದಲ್ಲಿ ಎರಡು ಮಾತಾಡಿ ಇಟ್ಟೆ. ಮಂಜುಳಾಳ ಮುಖ ಅರಳಿತು.

"ಅಕ್ಕ, ನೀವು ನಮ್ಮೋರಾ? ಯಾವೂರು? ನಮ್ ಚಿಕ್ಕಪ್ಪನ ಮನೆ ಉಡುಮಲೈಲಿ ಇರೋದು!"

ಹೊರಗೆ ಕನ್ನಡ ಕಿವಿಗೆ ಬಿದ್ದರೆ ನನಗೆ ತವರು ಸಿಕ್ಕಷ್ಟು ಸಂತೋಷವಾಗುತ್ತಿತ್ತು. ಅವತ್ತು ಆಗಲಿಲ್ಲ. ಕವಿತಾಳಿಗೆ ಆಗ ಕೊಯಮತ್ತೂರಿನಲ್ಲಿ ನಾವಿರುವ ಗಣಪತಿ ಬಡಾವಣೆಯಲ್ಲೇ ನಮ್ಮವರ ಒಂದು ಮನೆಯ ಸಂಬಂಧ ಮಾತಿನಲ್ಲಿತ್ತು. ಉಡುಮಲೈ ಅಣ್ಣನ ಊರಿನ ಪಕ್ಕವೇ, ಅವಳ ಚಿಕ್ಕಪ್ಪನಿಂದ ಆ ಮನೆಗೆ ಸುದ್ದಿ ಬರಲು ಒಂದು ದಿನ ಸಾಕು.

"ನಿಮ್ಮನೇಲಿ ಯಾರ್ಗಾದ್ರೂ ಈ ಕ್ಯಾನ್ಸರ್ ಇತ್ತಾ ಅಕ್ಕ?"

"ಇಲ್ಲಮ್ಮ."

"ಅಪ್ಪ ಹೆಂಗ್ ಹೋದ್ರು?"

"ಕಾಮಾಲೆ."

ಅವಳು ಗುರುತು ಹಾಕಿಕೊಂಡಳು. ಎರಡು ಟ್ಯೂಬು ರಕ್ತ ತೆಗೆದು, ಟೀ ಬಿಸ್ಕತ್ತು ಕೊಟ್ಟಳು. ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ರಕ್ತ ಕೊಟ್ಟೆ ಎಂದು ಗಂಡನ ಮುಂದೆ ಹೆಮ್ಮೆಯಿಂದ ಹೇಳಿಕೊಂಡೆ. ನಾಚಿಕೆಗೇಡು ಅಂದರೆ ಇದು.

ನನ್ನ ರಕ್ತ ರೋಗವಿಲ್ಲದ ಮನೆಗಳ ಡಬ್ಬಿ ಸೇರಿತು.

ಹತ್ತು ತಿಂಗಳ ಮೇಲೆ ಅದೇ ಆಸ್ಪತ್ರೆಯಲ್ಲಿ ಅಣ್ಣನಿಗೆ ಸಿ.ಟಿ. ಸ್ಕ್ಯಾನ್ ಆಯಿತು, ಬಯಾಪ್ಸಿ ಆಯಿತು, ಪಿತ್ತ ಇಳಿಯಲು ಸ್ಟೆಂಟ್ ಹಾಕಿದರು. ಗಡ್ಡೆ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿತ್ತು. ಆಪರೇಷನ್ ಆಗುವುದಿಲ್ಲ, ಕೀಮೋ ಕೊಟ್ಟು ನೋಡೋಣ ಎಂದರು ಡಾಕ್ಟರು. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಣ್ಣ ಕೈ ಜೋಡಿಸಿಕೊಂಡೇ, "ಇಲ್ಲೀಂಗ ಸಾರ್. ಅಪ್ಪಾವುಕ್ಕು ಮಂಜ ಕಾಮಾಲೆ ದಾನ್," ಎಂದ. ಅಪ್ಪನಿಗೆ ಬರಿಯ ಕಾಮಾಲೆ ಎಂದು ಅವನು ಆಡಿದ್ದು ಸುಳ್ಳಲ್ಲ. ಅವನಿಗೆ ನಾನು ಹೇಳಿದ್ದು ಅಷ್ಟೇ. ನಾನು ಅದನ್ನು ತಿದ್ದಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಸುಮ್ಮನಿರದೆ, ಮನೆಯಲ್ಲಿ ಇಬ್ಬರು ಮೂವರಿಗೆ ಬಂದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅಂಥ ಮನೆಯ ಉಳಿದವರನ್ನು ಚೆನ್ನಾಗಿರುವಾಗಲೇ ವರ್ಷಕ್ಕೊಮ್ಮೆ ಕರೆದು ಸ್ಕ್ಯಾನ್ ಮಾಡುತ್ತೇವೆ, ಕೆಲವರಲ್ಲಿ ಸಣ್ಣದಿರುವಾಗಲೇ ಸಿಗುತ್ತದೆ ಎಂದರು. ಈಗಿರುವ ರಕ್ತಪರೀಕ್ಷೆಯನ್ನು ನಂಬಿ ಕೂರಲಾಗದು, ಬರಿಯ ಕಾಮಾಲೆಗೂ ಅದರ ಅಂಕಿ ಏರುತ್ತದೆ. ಅದಕ್ಕೇ ಹೊಸ ಗುರುತುಗಳನ್ನು ಹುಡುಕುತ್ತಿರುವುದು ಎಂದರು.

"ಒಂದು ವರ್ಷ ಮೊದಲೇ ಬಂದಿದ್ದರೆ, ಡಾಕ್ಟರ್?"

"ಸಿಕ್ಕಿರಬಹುದು. ಸಿಗದೆಯೂ ಇರಬಹುದು. ಹೇಳಲಾಗದಮ್ಮ."

ಆ ಮಾತನ್ನು ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಕಟ್ಟಿಕೊಂಡು ತಿರುಗಿದೆ. ಖಂಡಿತ ಸಿಗುತ್ತಿತ್ತು ಎಂದಿದ್ದರೆ ಅತ್ತು ಮುಗಿಸಬಹುದಿತ್ತು. ಸಿಗುತ್ತಲೇ ಇರಲಿಲ್ಲ ಎಂದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು.

ಕೀಮೋಗೆ ಹತ್ತಿರವೆಂದು ಅಣ್ಣ ಗಣಪತಿಯ ನಮ್ಮ ಮನೆಯಲ್ಲೇ ಉಳಿದ. ಪಕ್ಕದ ಪಂಪಿನ ವರ್ಕ್‌ಶಾಪಿನ ಲೇತ್ ಸದ್ದು ನಿಂತರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲಿ ಮಲಗಿದವನು. ಬಾಯಿಗೆ ಎಲ್ಲವೂ ಕಬ್ಬಿಣದ ರುಚಿ. ಎರಡನೆಯ ಕೀಮೋ ಆದ ಮೇಲೆ ಒಂದು ಬೆಳಿಗ್ಗೆ ಮೋಸಂಬಿ ಹಣ್ಣು ಸುಲಿಯುತ್ತಾ ಎಲ್ಲ ಹೇಳಿದೆ. ಅಪ್ಪನ ರಿಪೋರ್ಟು, ಒಲೆ, ಮಂಜುಳಾ, ಟ್ಯೂಬು, ಬಿಸ್ಕತ್ತು. ಹಣ್ಣು ಸುಲಿದು ಮುಗಿಯಿತು, ಅವನು ತೆಗೆದುಕೊಳ್ಳಲಿಲ್ಲ.

"ನಿನ್ ಕಲ್ಯಾಣಕ್ಕೋಸ್ಕರ ಸುಮ್ನಿದ್ದೆ, ಸೆರಿ. ಆಮೇಲೆ ಇಷ್ಟ್ ವರ್ಷ ಯಾರ್ ಕಲ್ಯಾಣಕ್ಕಮ್ಮಣಿ? ನಾನೂ ಅದೇ ಅಪ್ಪನ ಮಗ ತಾನೆ?"

ಸುಲಿದ ಹಣ್ಣನ್ನು ತಟ್ಟೆಗೆ ಹಾಕಿ ಅವನ ಪಕ್ಕದಲ್ಲಿಟ್ಟೆ.

ಎರಡು ದಿನ ಅವನು ನನ್ನ ಕೈಯಿಂದ ನೀರೂ ಕುಡಿಯಲಿಲ್ಲ. ನನ್ನ ಗಂಡ ಕೊಟ್ಟರೆ ಕುಡಿದ. ಮೂರನೆಯ ದಿನ, "ಪೇಪರ್ ತಗೊಂಡ್ ಬಾ," ಎಂದ. ಗೋಡೆಗೆ ಒರಗಿ ಕೂತು ಮನೆಯಲ್ಲಿ ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ಹೇಳಿದ, ನಾನು ಬರೆದೆ. ಅಪ್ಪ. ಕಾಮಾಲೆಯಲ್ಲೇ ಹೋದ ಸೋದರತ್ತೆ. ಆಮೇಲೆ ತಿರುಪ್ಪೂರಿನ ಚಿಕ್ಕಪ್ಪನ ಹೆಸರು ಬಂತು. ಚಿಕ್ಕಪ್ಪ ಎದೆನೋವಿನಿಂದ ಹೋದರೆಂದೇ ನಾನು ನಂಬಿದ್ದೆ.

"ಹೊಟ್ಟೇಲಿ ಗಡ್ಡೆ. ಯಾರ್ಗೂ ಹೇಳ್ಬೇಡ ಅಂತ ಚಿಕ್ಕಮ್ಮ ನನ್ನತ್ರ ಸತ್ಯ ಮಾಡಿಸ್ಕೊಂಡ್ರು. ಅವರಿಗೂ ಇಬ್ರು ಹೆಣ್ಮಕ್ಕಳು," ಎಂದ. ಹೇಳಿ ಗೋಡೆಯ ಕಡೆ ತಿರುಗಿದ. ಅವನಿಗೆ ರೋಗದ ಹೆಸರು ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ಅವನು ಆಣೆಗೆ ಕಟ್ಟುಬಿದ್ದು ಮುಚ್ಚಿಟ್ಟದ್ದರಿಂದ ನನ್ನ ಸುಳ್ಳು ಸಣ್ಣದಾಗುವುದಿಲ್ಲ.

ಕವಿತಾಳಿಗೂ ಹೇಳಿದೆ. ಮದುವೆಯಾಗಿ ಏಳು ತಿಂಗಳು. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. "ಅತ್ತೆ ಮನೇಲಿ ನಾನೇ ಹೇಳ್ತೀನಿ. ನೀನ್ ಹೇಳಿದ್ರೆ ಮತ್ತೆ ಕಾಮಾಲೆ ಅಂದ್ಬಿಡ್ತೀಯ," ಎಂದಳು. ಹೇಳಿದಳು ಕೂಡ. ಅವಳ ಅತ್ತೆ ಒಂದು ವಾರ ನನಗೆ ಫೋನ್ ಮಾಡಲಿಲ್ಲ. ಆಮೇಲೆ ಮಾಡಿ, ಅಣ್ಣನಿಗೆ ಗಂಜಿ ಸೇರುತ್ತಿದೆಯೇ ಎಂದು ಮಾತ್ರ ಕೇಳಿದರು. ಅದಕ್ಕೇ ಕೈ ಮುಗಿದೆ.

ಮೊನ್ನೆ ಅಣ್ಣನ ಐದನೆಯ ಕೀಮೋ. ಅವನನ್ನು ಒಳಗೆ ಮಲಗಿಸಿ, ಆ ಪೇಪರ್ ಹಿಡಿದು ಮಂಜುಳಾಳ ಮೇಜಿಗೆ ಹೋದೆ. ಕವಿತಾ ಜೊತೆಗಿದ್ದಳು. ಹಿಂದಿನ ಕುರ್ಚಿಗಳಲ್ಲಿ ಎಂಟು ಹತ್ತು ಜನ.

"ಹೋದ ವರ್ಷ ನಾನ್ ಕೊಟ್ಟ ರಕ್ತ ತಪ್ಪು ಡಬ್ಬೀಲಿದೆಯಮ್ಮ. ತಗ್ದಾಕು," ಎಂದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಿಳಿ ನೂಲಿನ ಕಟ್ಟಿನಲ್ಲಿ ಬಣ್ಣ ಬಿಡುವ ಒಂದೇ ಒಂದು ಎಳೆ ಸೇರಿದರೆ ಸೀರೆ ಏನಾಗುತ್ತದೆಂದು ಅವಳಿಗೂ ಗೊತ್ತು, ನೇಕಾರರ ಮಗಳು. ಬೈಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಹೊಸ ಫಾರಂ ತೆಗೆದಳು.

"ಮೆಲ್ಲಗೆ ಹೇಳಿ ಅಕ್ಕ. ಹಿಂದೆ ನಮ್ಮೋರೂ ಇರ್ಬೋದು."

"ಇರ್ಲಿ. ಬರ್ಕೋ," ಎಂದೆ. ಒಬ್ಬೊಬ್ಬರ ಹೆಸರೂ ಜೋರಾಗಿ ಹೇಳಿದೆ. ಅಪ್ಪ. ಸೋದರತ್ತೆ. ಚಿಕ್ಕಪ್ಪ. ಪ್ರತಿ ಹೆಸರಿಗೂ ಅವಳು ಸತ್ತಾಗಿನ ವಯಸ್ಸು ಕೇಳಿದಳು.

"ನಾಲ್ಕನೇದು?"

"ನಮ್ಮಣ್ಣ. ಬದುಕಿದಾರೆ ಅಂತ ಬರ್ಕೋ."

ಅವಳು ಬರೆದುಕೊಂಡು ನನ್ನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ಪಕ್ಕದ ಕುರ್ಚಿಯಲ್ಲಿ ಕವಿತಾ ತಾನೂ ರಕ್ತ ಕೊಡಲು ತೋಳಿನ ಬಟ್ಟೆ ಮೇಲಕ್ಕೆ ಮಡಚಿಕೊಂಡು ಕಾಯುತ್ತಿದ್ದಳು.