ಐದು ಟಿವಿಗಳಲ್ಲಿ ಒಂದೇ ಹಗ್ಗ

ಮೂರು ವರ್ಷಗಳ ಹಿಂದೆ ನಾನು ಕಾರವಾರದ ಗುತ್ತಿಗೆದಾರರೊಬ್ಬರ ಬಳಿ ಆಡಿಯೋ-ವಿಡಿಯೋ ಟೆಕ್ನಿಷಿಯನ್ ಆಗಿದ್ದೆ. ಅಂಕೋಲಾ ಕಡೆಯ ಮೀನುಗಾರರ ಬದುಕನ್ನು ತೋರಿಸುವ ಪ್ರದರ್ಶನ ಕೊಠಡಿಯ ಕೆಲಸ ನನ್ನ ಪಾಲಿಗೆ ಬಂತು. ಗೋಡೆಯ ಮೇಲೆ ಸಾಲಾಗಿ ಐದು ಟಿವಿ, ಪ್ರತಿಯೊಂದರ ಹಿಂದೆ ಒಂದು ಪುಟ್ಟ ಪ್ಲೇಯರ್. ಐದೂ ಸೇರಿ ಒಂದೇ ಉದ್ದನೆಯ ಪರದೆಯಂತೆ ತೋರಿಸಬೇಕಾದದ್ದು ಒಂದೇ ದೃಶ್ಯ: ದಡದಲ್ಲಿ ಸಾಲುಗಟ್ಟಿ ನಿಂತ ನಲವತ್ತು ಜನ ರಂಪಣಿ ಎಂಬ ಭಾರಿ ಬಲೆಯ ಹಗ್ಗ ಎಳೆಯುವುದು. ನಾಲ್ಕು ನಿಮಿಷದ ಚಿತ್ರ. ಮುಗಿದೊಡನೆ ಮತ್ತೆ ಮೊದಲಿನಿಂದ. ಇದನ್ನು ನಾವು ಲೂಪ್ ಎನ್ನುತ್ತೇವೆ.

ಬೆಳಿಗ್ಗೆ ಶುರು ಮಾಡಿದಾಗ ಎಲ್ಲ ಸರಿಯಿತ್ತು. ಆದರೆ ಪ್ರತಿ ಪ್ಲೇಯರ್ ತನ್ನದೇ ಗಡಿಯಾರ ನಂಬಿ ಓಡುತ್ತಿತ್ತು. ಸುತ್ತು ಸುತ್ತಿಗೂ ಕೂದಲೆಳೆಯಷ್ಟು ವ್ಯತ್ಯಾಸ ಸೇರುತ್ತಾ, ಮಧ್ಯಾಹ್ನದ ಹೊತ್ತಿಗೆ ಮೂರನೆಯ ಟಿವಿ ಅರ್ಧ ಸೆಕೆಂಡು ಹಿಂದೆ ಬಿದ್ದಿತ್ತು. ಹಗ್ಗ ನಡುವೆ ತುಂಡಾದಂತೆ ಕಾಣುತ್ತಿತ್ತು.

ಉದ್ಘಾಟನೆಗೆ ಎರಡೇ ದಿನ. "ಯಾರ ಕಣ್ಣಿಗೂ ಬೀಳೂದಿಲ್ಲ. ಕೆಲಸ ಮುಗೀತು ಅಂತ ಸಹಿ ಹಾಕಿ ಕೊಡಿ" ಎಂದು ಕಾಗದ ಚಾಚಿದರು ಗುತ್ತಿಗೆದಾರರು.

ಅಷ್ಟರಲ್ಲಿ ಗಣಪಣ್ಣ ಬಂದರು. ಹಾರವಾಡದ ಹಿರಿಯ ಮೀನುಗಾರರು. ಚಿತ್ರದಲ್ಲಿ ಎಲ್ಲರಿಗಿಂತ ಮುಂದೆ ನಿಂತವರು. ಎರಡು ಸುತ್ತು ನೋಡಿ ನನ್ನತ್ತ ತಿರುಗಿದರು.

"ನಾವು ಹಿಂಗೆ ಎಳದ್ರೆ ಒಂದು ಮೀನೂ ದಡಕ್ಕೆ ಬರೂದಿಲ್ಲ ತಂಗಿ. ನೋಡ್ದವ್ರು ಎಂತ ಹೇಳೂದು? ಇವ್ರಿಗೆ ಬಲೆ ಎಳಿಯೂಕೇ ಬರೂದಿಲ್ಲ ಅಂತ."

ನಾನು ಕಾಗದವನ್ನು ಸಹಿ ಇಲ್ಲದೆಯೇ ಗುತ್ತಿಗೆದಾರರ ಕೈಗೆ ಕೊಟ್ಟೆ.

"ಹಂಗಾದ್ರೆ ಮುಂದಿನ ಕೆಲಸಕ್ಕೆ ಬರೂದು ಬೇಡ" ಎಂದರು ಅವರು.

"ಅಡ್ಡಿಲ್ಲ ಸರ್. ಇದನ್ನ ಸರಿ ಮಾಡೇ ಹೋಗ್ತೆ."

ವೈಫೈ ನೆಚ್ಚಿಕೊಳ್ಳದೆ ಐದೂ ಪ್ಲೇಯರ್‌ಗಳಿಗೆ ನೆಟ್‌ವರ್ಕ್ ಕೇಬಲ್ ಎಳೆದೆ. ಒಂದನ್ನು ಯಜಮಾನ ಮಾಡಿದೆ. ಉಳಿದ ನಾಲ್ಕೂ ಅದರ ಗಡಿಯಾರವನ್ನೇ ಅನುಸರಿಸಬೇಕು. ಪ್ರತಿ ಸುತ್ತಿನ ಕೊನೆಗೆ ನಾಲ್ಕೂ ಚಿತ್ರದ ಆರಂಭಕ್ಕೆ ಬಂದು ನಿಂತು ಕಾಯುತ್ತವೆ. ಯಜಮಾನನ ಸಂಕೇತ ಬಂದ ಮೇಲೆ ಐದೂ ಒಟ್ಟಿಗೆ ಹೊರಡುತ್ತವೆ. ಕೇಬಲ್ ಗೋಡೆಯ ಅಂದ ಕೆಡಿಸುತ್ತದೆ ಎಂಬ ಆಕ್ಷೇಪ ಬಂತು. ಕೆಡಿಸಲಿ ಎಂದೆ.

ಮರುದಿನ ಬೆಳಿಗ್ಗೆಯಿಂದ ಸಂಜೆವರೆಗೆ ಬಿಡದೆ ಓಡಿಸಿದೆ. ಸಂಜೆ ಗಣಪಣ್ಣ ಹೆಂಡತಿಯನ್ನೂ ಕರೆತಂದರು. ಆಕೆ ಟಿವಿಯಿಂದ ಟಿವಿಗೆ ಹಗ್ಗದ ಜೊತೆಗೇ ನಡೆದು, ಕೊನೆಯಲ್ಲಿ ನಿಂತು, "ಹಾಂ, ಈಗ ಬಲೆ ಬಂತು" ಎಂದರು. ಆಮೇಲಷ್ಟೇ ಸಹಿ ಹಾಕಿದೆ.

ಆ ಗುತ್ತಿಗೆದಾರರು ನನ್ನನ್ನು ಮತ್ತೆ ಕರೆಯಲಿಲ್ಲ. ನಾನೂ ಕೇಳಿಕೊಂಡು ಹೋಗಲಿಲ್ಲ. ಈಗ ಸ್ವಂತವಾಗಿ ಇದೇ ಕೆಲಸ ಮಾಡುತ್ತೇನೆ. ಪರದೆಯ ಮೇಲೆ ಯಾರ ದುಡಿಮೆ ಇದೆಯೋ ಅವರನ್ನು ಕರೆದು ತೋರಿಸದೆ ಯಾವ ಕೆಲಸವೂ ಮುಗಿಯಿತೆಂದು ಇವತ್ತಿಗೂ ಬರೆದುಕೊಡುವುದಿಲ್ಲ.